ಸರದಿ ಬೇರೆ, ಕಮಾಂಡ್ ಬೇರೆ

ಓದುಗರ ಪತ್ರ

ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ವಿಮಾನ ಪ್ರಯಾಣದ ಸುರಕ್ಷತೆ ಕುರಿತು ನೀವು ಪ್ರಕಟಿಸಿದ ಲೇಖನದಲ್ಲಿ ಪೈಲಟ್‌ಗಳ ಪರೀಕ್ಷೆಯ ವಿಷಯ ಎರಡೇ ಸಾಲಿನಲ್ಲಿ ಮುಗಿದುಹೋಗಿದೆ. ನನ್ನ ತಂಗಿಯ ಮಗಳು ವಿಮಾನಯಾನ ಸಂಸ್ಥೆಯೊಂದರಲ್ಲಿ ಸಹ ಪೈಲಟ್. ಕ್ಯಾಪ್ಟನ್ ಆಗುವ ಸರದಿ ಬಂದು, ತರಬೇತಿಯೆಲ್ಲ ಮುಗಿದು, ಕೊನೆಯ ಸಿಮ್ಯುಲೇಟರ್ ಚೆಕ್‌ನಲ್ಲಿ, ಅಂದರೆ ನೆಲದ ಮೇಲಿನ ಕೃತಕ ಕಾಕ್‌ಪಿಟ್‌ನಲ್ಲಿ ನಡೆಯುವ ಪರೀಕ್ಷೆಯಲ್ಲಿ, ಫೇಲಾದಳು. ‘ಹೆಣ್ಣುಮಕ್ಕಳಿಗೆ ಕಮಾಂಡ್‌ಗೆ ಏನು ಅವಸರ’ ಎಂದು ಪರೀಕ್ಷಕರು ತರಬೇತಿಯ ವೇಳೆ ನಕ್ಕಿದ್ದರಂತೆ. ನಾನು ಬ್ಯಾಂಕ್ ಅಧಿಕಾರಿಯಾಗಿ ನಿವೃತ್ತನಾದವನು. ನಮ್ಮಲ್ಲಿ ಸೇವಾ ಹಿರಿತನಕ್ಕಿಷ್ಟು, ಲಿಖಿತ ಪರೀಕ್ಷೆಗಿಷ್ಟು, ಸಂದರ್ಶನಕ್ಕಿಷ್ಟು ಅಂಕ ಎಂದು ಹಂಚಿ ಬಡ್ತಿ ಕೊಡುತ್ತಿದ್ದರು. ಒಬ್ಬನೇ ಮನುಷ್ಯನ ಕೈಯಲ್ಲಿ ಯಾರ ಹಣೆಬರಹವೂ ಇರಲಿಲ್ಲ. ಸಾವಿರಾರು ಗಂಟೆ ಹಾರಿದವರನ್ನು ಆರು ತಿಂಗಳಿಗೊಮ್ಮೆ ಮತ್ತೆ ಮತ್ತೆ ಪರೀಕ್ಷೆಗೆ ಕೂರಿಸುವುದು ನ್ಯಾಯವೇ? ಬೇರೆ ಸಂಸ್ಥೆಗೆ ಅರ್ಜಿ ಹಾಕುವಾಗ ಈ ವಿಷಯ ಬರೆಯದಿದ್ದರೂ ನಡೆಯುತ್ತದೆ ಎಂದು ಅವಳ ಗೆಳತಿಯರು ಹೇಳುತ್ತಿದ್ದಾರೆ. ನಿಮ್ಮ ಅಭಿಪ್ರಾಯ ತಿಳಿಸಿ.
– ಹೆಸರು ಬೇಡವೆಂದಿರುವ ಓದುಗರು, ದಾವಣಗೆರೆ

ಸಂಪಾದಕರ ಉತ್ತರ

ಮಾನ್ಯರೇ,

ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಉಳಿದವುಗಳ ಬಗ್ಗೆ ವಾದ ಮಾಡಲು ಜಾಗವಿದೆ, ಇದರಲ್ಲಿ ಇಲ್ಲ. ಮುಚ್ಚಿಡಬಾರದು. ಗೆಳತಿಯರು ಪ್ರೀತಿಯಿಂದಲೇ ಹೇಳಿರಬಹುದು. ಆದರೆ ಅವರು ಕೊಟ್ಟ ಸಲಹೆಗೆ ಒಂದು ಚರಿತ್ರೆ ಇದೆ. ಅದು ಬಹುಮಟ್ಟಿಗೆ ಅಮೆರಿಕದ ಚರಿತ್ರೆ. ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಅದನ್ನು ಎಳೆ ಎಳೆಯಾಗಿ ಬಿಡಿಸಿ ಇಟ್ಟಿರುವುದರಿಂದ ನಮಗೂ ಓದಲು ಸಿಗುತ್ತದೆ.

1994ರ ಡಿಸೆಂಬರ್‌ನಲ್ಲಿ ನಾರ್ತ್ ಕೆರೊಲೈನಾದ ಮಾರಿಸ್‌ವಿಲ್ ಬಳಿ ಅಮೆರಿಕನ್ ಈಗಲ್ ಸಂಸ್ಥೆಯ ಪುಟ್ಟ ಜೆಟ್‌ಸ್ಟ್ರೀಮ್ ವಿಮಾನವೊಂದು ಬಿದ್ದು 20 ಮಂದಿಯಲ್ಲಿ 15 ಮಂದಿ ಸತ್ತರು. ಎಂಜಿನ್ ಕೈಕೊಟ್ಟಿದೆ ಎಂದು ಕ್ಯಾಪ್ಟನ್ ಭಾವಿಸಿದ್ದರು, ಎಂಜಿನ್ ಕೆಟ್ಟಿರಲಿಲ್ಲ. ಹಿಂದಿನ ಸಂಸ್ಥೆಯಲ್ಲಿ ಅವರ ಹಾರಾಟದ ಬಗ್ಗೆ ಅತೃಪ್ತಿ ಇತ್ತು; ಕೆಲಸದಿಂದ ತೆಗೆಯುವ ಹಂತಕ್ಕೆ ಬಂದಾಗ ಅವರೇ ರಾಜೀನಾಮೆ ಕೊಟ್ಟು ಹೊರಬಂದಿದ್ದರು. ಆ ಕಡತ ಹೊಸ ಸಂಸ್ಥೆಯ ಕೈಗೆ ಬರಲೇ ಇಲ್ಲ. ಈ ಅಪಘಾತದ ಫಲವಾಗಿ 1996ರಲ್ಲಿ ಕಾನೂನು ಬಂತು: ಪೈಲಟ್ ಒಬ್ಬರನ್ನು ಸೇರಿಸಿಕೊಳ್ಳುವ ಮುನ್ನ ಹಿಂದಿನ ಐದು ವರ್ಷಗಳ ದಾಖಲೆಯನ್ನು ಹಳೆಯ ಸಂಸ್ಥೆಗಳಿಂದ ತರಿಸಿ ನೋಡಬೇಕು.

ಕಾನೂನಿನಲ್ಲಿ ಕಿಂಡಿ ಉಳಿದಿತ್ತು. ಲೈಸೆನ್ಸ್‌ಗಾಗಿ ನಡೆಯುವ ಸರ್ಕಾರಿ ಪರೀಕ್ಷೆಗಳಲ್ಲಿ ಫೇಲಾದ ವಿವರ ಅರ್ಜಿದಾರನ ಒಪ್ಪಿಗೆಯಿಲ್ಲದೆ ಹೊಸ ಸಂಸ್ಥೆಗೆ ಸಿಗುತ್ತಿರಲಿಲ್ಲ. 2009ರ ಫೆಬ್ರವರಿ 12ರ ರಾತ್ರಿ ಬಫಲೊ ನಗರದ ಹೊರವಲಯದಲ್ಲಿ ಕೋಲ್ಗನ್ ಏರ್‌ನ ಕ್ಯೂ400 ವಿಮಾನ ಮನೆಯೊಂದರ ಮೇಲೆ ಬಿದ್ದಿತು. ಒಳಗಿದ್ದ 49 ಮಂದಿ, ಮನೆಯಲ್ಲಿದ್ದ ಒಬ್ಬರು, ಒಟ್ಟು 50 ಜನ ಸತ್ತರು. ವೇಗ ಕಡಿಮೆಯಾಗಿ ಹಿಡಿಕೆಯಲ್ಲಿ ಎಚ್ಚರಿಕೆಯ ನಡುಕ ಶುರುವಾದಾಗ ಕ್ಯಾಪ್ಟನ್ ವಿಮಾನದ ಮೂತಿಯನ್ನು ಇಳಿಸುವ ಬದಲು ಮೇಲಕ್ಕೆತ್ತಿದ್ದರು. ಕೆಲಸಕ್ಕೆ ಸೇರುವ ಮೊದಲು ಅವರು ಮೂರು ಸರ್ಕಾರಿ ಪರೀಕ್ಷೆಗಳಲ್ಲಿ ಮೊದಲ ಪ್ರಯತ್ನಕ್ಕೆ ಫೇಲಾಗಿದ್ದರು. ಅರ್ಜಿಯಲ್ಲಿ ಬರೆದದ್ದು ಒಂದನ್ನೇ. ಸೇರಿದ ಮೇಲೂ ಅವರು ಚೆಕ್‌ಗಳಲ್ಲಿ ಎಡವಿದ್ದರು, ಮತ್ತೆ ತರಬೇತಿ ಪಡೆದು ಮುಂದೆ ಸಾಗಿದ್ದರು. ಪ್ರತಿಯೊಂದನ್ನೂ ಬಿಡಿಯಾಗಿ ನೋಡಿದರೆ ದೊಡ್ಡದಲ್ಲ. ಎಲ್ಲವನ್ನೂ ಸಾಲಾಗಿ ಇಟ್ಟು ನೋಡಿದವರು ಯಾರೂ ಇರಲಿಲ್ಲ.

2010ರಲ್ಲಿ ಅಮೆರಿಕದ ಸಂಸತ್ತು ಇನ್ನೊಂದು ಕಾನೂನು ಮಾಡಿ, ಪೈಲಟ್‌ಗಳ ಎಲ್ಲ ದಾಖಲೆಗಳೂ ಒಂದೇ ಕಡೆ ಸಿಗುವ ರಾಷ್ಟ್ರೀಯ ದತ್ತಾಂಶ ಭಂಡಾರ ಕಟ್ಟಿ ಎಂದಿತು. ಅದು ಕಾಗದದಲ್ಲೇ ಉಳಿದಿದ್ದಾಗ 2019ರ ಫೆಬ್ರವರಿಯಲ್ಲಿ ಅಟ್ಲಾಸ್ ಏರ್‌ನ ಬೋಯಿಂಗ್ 767 ಸರಕು ವಿಮಾನ ಹ್ಯೂಸ್ಟನ್ ಹತ್ತಿರದ ಟ್ರಿನಿಟಿ ಕೊಲ್ಲಿಗೆ ಮೂತಿ ಕೆಳಗೆ ಮಾಡಿ ನುಗ್ಗಿತು. ಒಳಗಿದ್ದ ಮೂವರೂ ಸತ್ತರು. ಗೋ ಅರೌಂಡ್ ಗುಂಡಿ, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲಕ್ಕೇರುವಾಗ ಒತ್ತುವ ಗುಂಡಿ, ಗೊತ್ತಿಲ್ಲದೆ ಒತ್ತಿಹೋಗಿ ಎಂಜಿನ್‌ಗಳ ಬಲ ಹೆಚ್ಚಿತ್ತು. ವಿಮಾನ ಮೇಲಕ್ಕೇಳುತ್ತಿದೆ ಎಂಬ ಭ್ರಮೆಗೆ ಸಿಕ್ಕ ಸಹ ಪೈಲಟ್ ಅದನ್ನು ಕೆಳಕ್ಕೆ ತಳ್ಳಿದರು. ಅವರು ಹಿಂದಿನ ಎರಡು ಸಂಸ್ಥೆಗಳಲ್ಲಿ ತರಬೇತಿ ಪೂರ್ಣಗೊಳಿಸದೆ ಹೊರಬಂದದ್ದನ್ನು ಬೇಕೆಂದೇ ಮುಚ್ಚಿಟ್ಟಿದ್ದರು. ಇನ್ನೊಂದು ಸಂಸ್ಥೆಯಲ್ಲಿ ಕ್ಯಾಪ್ಟನ್ ಆಗುವ ಪ್ರಯತ್ನ ಸೋತಿತ್ತು. ಅನಿರೀಕ್ಷಿತವಾಗಿ ಏನಾದರೂ ಆದರೆ ಗಾಬರಿಯಾಗಿ ಸಿಕ್ಕ ಸಿಕ್ಕ ಗುಂಡಿ ಒತ್ತುತ್ತಿದ್ದರು ಎಂದು ಅವರನ್ನು ಸಿಮ್ಯುಲೇಟರ್‌ನಲ್ಲಿ ಕಂಡಿದ್ದವರು ತನಿಖೆಯಲ್ಲಿ ಹೇಳಿದರು. ಗೊತ್ತಿದ್ದವರಿಗೆ ಗೊತ್ತಿತ್ತು, ಗೊತ್ತಾಗಬೇಕಾದವರಿಗೆ ಗೊತ್ತಾಗಲಿಲ್ಲ. ಆ ಭಂಡಾರದ ಅಂತಿಮ ನಿಯಮ ಹೊರಬಂದದ್ದು 2021ರಲ್ಲಿ, ಕಾನೂನಾದ ಹನ್ನೊಂದು ವರ್ಷಕ್ಕೆ. ಸರ್ಕಾರಿ ಕಡತಗಳ ನಡಿಗೆ ನಮ್ಮಲ್ಲಿ ಮಾತ್ರ ನಿಧಾನ ಎಂದುಕೊಂಡವರಿಗೆ ಇಷ್ಟು ಸಮಾಧಾನ.

ಇದನ್ನೆಲ್ಲ ಓದಿ ನಿಮ್ಮ ಸೋದರ ಸೊಸೆಯನ್ನು ನಾನು ಆ ಸಾಲಿಗೆ ಸೇರಿಸುತ್ತಿದ್ದೇನೆ ಎಂದು ದಯವಿಟ್ಟು ನೊಂದುಕೊಳ್ಳಬೇಡಿ. ಒಂದು ಚೆಕ್‌ನಲ್ಲಿ ಫೇಲಾಗುವುದು ಪೈಲಟ್ ವೃತ್ತಿಯಲ್ಲಿ ಅಪರೂಪವೇನಲ್ಲ. ಒಳ್ಳೆಯ ಹೆಸರು ಮಾಡಿದ ಕ್ಯಾಪ್ಟನ್‌ಗಳ ಕಡತದಲ್ಲೂ ಒಂದು ಕೆಂಪು ಗೆರೆ ಇರಬಹುದು. ‘ಒಮ್ಮೆ ಫೇಲಾದವರನ್ನು ಮನೆಗೆ ಕಳುಹಿಸಿ, ನಮ್ಮ ಜೀವದ ಜೊತೆ ಆಟ ಬೇಡ’ ಎಂದು ಅದೇ ಲೇಖನಕ್ಕೆ ಪ್ರತಿಕ್ರಿಯಿಸಿ ಬರೆದವರೂ ಇದ್ದಾರೆ. ಅವರ ಭಯ ನನಗೆ ಅರ್ಥವಾಗುತ್ತದೆ, ಆದರೆ ಆ ಮದ್ದು ರೋಗಕ್ಕಿಂತ ಕೆಟ್ಟದ್ದು. ಒಂದು ಸೋಲಿಗೆ ಕೆಲಸವೇ ಹೋಗುತ್ತದೆ ಎಂದಾದರೆ ಪೈಲಟ್ ತನಗೆ ಬಾರದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಸಹೋದ್ಯೋಗಿಯ ಮನೆಯ ಒಲೆ ಆರಿಸಲು ಮನಸ್ಸಾಗದೆ ಪರೀಕ್ಷಕ ಕಣ್ಣುಮುಚ್ಚಿ ಸಹಿ ಹಾಕುತ್ತಾನೆ. ಸಂಸ್ಥೆಯೂ ಗದ್ದಲವಿಲ್ಲದೆ ರಾಜೀನಾಮೆ ಬರೆಸಿಕೊಂಡು ಸಮಸ್ಯೆಯನ್ನು ಪಕ್ಕದ ಸಂಸ್ಥೆಗೆ ದಾಟಿಸುತ್ತದೆ. ಮಾರಿಸ್‌ವಿಲ್‌ನ ಕಥೆ ಶುರುವಾದದ್ದೇ ಅಂಥ ರಾಜೀನಾಮೆಯಿಂದ.

ಚೆಕ್ ನಡೆಯುವುದು ಪೈಲಟ್‌ಗೆ ಈ ಹೊತ್ತು ಏನು ಬರುತ್ತದೆ, ಏನು ಬರುವುದಿಲ್ಲ ಎಂದು ತಿಳಿಯುವುದಕ್ಕೆ. ಬೇಕಾದವರೆಂದು ಪಾಸು ಮಾಡಿದರೂ, ಬೇಡವಾದವರೆಂದು ಫೇಲು ಮಾಡಿದರೂ ಅದರಿಂದ ಹೊರಬರುವ ಮಾಹಿತಿ ಸುಳ್ಳು. ಆದ್ದರಿಂದ ನ್ಯಾಯ ಬೇಕೋ ಸುರಕ್ಷತೆ ಬೇಕೋ ಎಂದು ತಕ್ಕಡಿಯಲ್ಲಿಟ್ಟು ತೂಗುವ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಅನ್ಯಾಯದ ಚೆಕ್‌ನ ಫಲಿತಾಂಶವನ್ನು ನಂಬಿ ಯಾರನ್ನು ಕಾಕ್‌ಪಿಟ್‌ನಲ್ಲಿ ಕೂರಿಸಿದರೂ ಅಪಾಯವೇ.

ಈಗ ಆರು ತಿಂಗಳ ಲೆಕ್ಕಕ್ಕೆ ಬರೋಣ. ನಿಮ್ಮ ಬ್ಯಾಂಕಿನ ಅಧಿಕಾರಿ ತನ್ನ ಕೆಲಸವನ್ನು ದಿನವೂ ಮಾಡುತ್ತಿದ್ದ. ಮಾಡುತ್ತ ಮಾಡುತ್ತ ಅದರಲ್ಲಿ ಪಳಗುತ್ತಿದ್ದ. ಪೈಲಟ್ ದಿನವೂ ಮಾಡುವುದು ಸುಗಮವಾದ ಹಾರಾಟವನ್ನು, ಅದರ ಬಹುಪಾಲನ್ನೂ ಆಟೋಪೈಲಟ್ ನೋಡಿಕೊಳ್ಳುತ್ತದೆ. ಟೇಕಾಫ್‌ನಲ್ಲಿ, ಇನ್ನು ನಿಲ್ಲಿಸಲಾಗದ ವೇಗ ತಲುಪಿದ ಮೇಲೆ ಒಂದು ಎಂಜಿನ್ ಹೋದರೆ ಏನು ಮಾಡಬೇಕು ಎಂಬುದು ಬಹಳಷ್ಟು ಪೈಲಟ್‌ಗಳಿಗೆ ಇಡೀ ವೃತ್ತಿಜೀವನದಲ್ಲಿ ನಿಜವಾಗಿ ಎದುರಾಗುವುದೇ ಇಲ್ಲ. ಹತ್ತು ಸಾವಿರ ಗಂಟೆ ಹಾರಿದ ಮಾತ್ರಕ್ಕೆ ಅದು ಬರುವುದಿಲ್ಲ. ಅದನ್ನು ಕಲಿಯುವುದೂ ಮರೆಯದಂತೆ ಕಾಪಾಡಿಕೊಳ್ಳುವುದೂ ಸಿಮ್ಯುಲೇಟರ್‌ನಲ್ಲೇ. ಕೋಲ್ಗನ್ ಅಪಘಾತದ ನಂತರ ಅಮೆರಿಕ ಸಹ ಪೈಲಟ್‌ಗಳಿಗೂ 1,500 ಗಂಟೆಗಳ ಹಾರಾಟವನ್ನು ಸಾಮಾನ್ಯ ನಿಯಮವಾಗಿಸಿತು. ಆದರೆ ಆ ವಿಮಾನದ ಕ್ಯಾಪ್ಟನ್‌ಗೆ 3,000ಕ್ಕೂ, ಸಹ ಪೈಲಟ್‌ಗೆ 2,000ಕ್ಕೂ ಹೆಚ್ಚು ಗಂಟೆಗಳ ಅನುಭವ ಆಗಲೇ ಇತ್ತು. ಗಂಟೆ ಎಣಿಸುವುದು ಸುಲಭ, ಅದಕ್ಕೇ ಎಲ್ಲರೂ ಗಂಟೆ ಎಣಿಸುತ್ತಾರೆ.

ಆದರೆ ಪರೀಕ್ಷೆ ಇದ್ದರೆ ಸಾಕೇ? ಪರೀಕ್ಷೆಯೇ ತಪ್ಪು ಕಲಿಸಿದ ಉದಾಹರಣೆಯೂ ಇದೆ. ವಿಮಾನ ವೇಗ ಕಳೆದುಕೊಂಡು ರೆಕ್ಕೆಗೆ ಎತ್ತುವ ಬಲವಿಲ್ಲದಂತಾಗುವುದಕ್ಕೆ ಸ್ಟಾಲ್ ಎನ್ನುತ್ತಾರೆ. ಅದರ ಅಂಚಿನಿಂದ ಪಾರಾಗುವುದನ್ನು ಪರೀಕ್ಷಿಸುವಾಗ ಅಮೆರಿಕದಲ್ಲಿ ಬಹುಕಾಲ ಒತ್ತು ಕೊಡುತ್ತಿದ್ದದ್ದು ಎತ್ತರ ಆದಷ್ಟು ಕಳೆದುಕೊಳ್ಳದಿರುವುದಕ್ಕೆ. ಪೈಲಟ್‌ಗಳು ಪಾಸಾಗಲು ಏನು ಬೇಕೋ ಅದನ್ನು ಕಲಿತರು: ಎಂಜಿನ್‌ಗೆ ಪೂರ್ತಿ ಬಲ ಕೊಡು, ಮೂತಿ ಇಳಿಯದಂತೆ ಹಿಡಿ. ನಿಜವಾದ ಸ್ಟಾಲ್‌ನಲ್ಲಿ ಬದುಕಿಸುವುದು ಇದರ ವಿರುದ್ಧದ ಕ್ರಮ. ಮೊದಲು ಮೂತಿ ಇಳಿಸಬೇಕು, ಎತ್ತರ ಹೋದರೆ ಹೋಗಲಿ. 2012ರಲ್ಲಿ ಅಲ್ಲಿನ ವಿಮಾನಯಾನ ಆಡಳಿತ ಹೊಸ ಮಾರ್ಗಸೂಚಿ ಹೊರಡಿಸಿ, ಇಷ್ಟು ಅಡಿಗಿಂತ ಹೆಚ್ಚು ಎತ್ತರ ಕಳೆದುಕೊಳ್ಳಬಾರದೆಂಬ ಅಳತೆಗೋಲನ್ನು ಕೈಬಿಡಲು ಹೇಳಿತು. ಬಫಲೊದ ಆ ಕ್ಯಾಪ್ಟನ್‌ನನ್ನು ದೂರುವುದು ನಮಗೆಲ್ಲ ಸುಲಭ. ಆದರೆ ಅಂಥ ಚೆಕ್‌ಗಳಲ್ಲಿ ಪಾಸಾದ ಸಾವಿರಾರು ಜನರ ಕೈಗೆ ಅದೇ ಅಭ್ಯಾಸ ಅಂಟಿತ್ತು ಎಂಬುದನ್ನು ಮರೆಯಬಾರದು.

ನಮ್ಮ ದೇಶದ ಕಥೆ ಬೇರೆ ಬಗೆಯದು. 2022ರ ಏಪ್ರಿಲ್‌ನಲ್ಲಿ ನಮ್ಮ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ, ಸ್ಪೈಸ್‌ಜೆಟ್‌ನ 90 ಪೈಲಟ್‌ಗಳು ಮತ್ತೆ ತರಬೇತಿ ಪಡೆಯುವವರೆಗೆ ಬೋಯಿಂಗ್ 737 ಮ್ಯಾಕ್ಸ್ ಹಾರಿಸುವಂತಿಲ್ಲ ಎಂದಿತು. ಅವರು ತರಬೇತಿ ಪಡೆದ ಸಿಮ್ಯುಲೇಟರ್‌ನಲ್ಲಿ ಸಹ ಪೈಲಟ್ ಬದಿಯ ಸ್ಟಿಕ್ ಶೇಕರ್, ಅಂದರೆ ಸ್ಟಾಲ್ ಹತ್ತಿರವಾದಾಗ ಹಿಡಿಕೆಯನ್ನು ಗಡಗಡ ನಡುಗಿಸುವ ಸಾಧನ, ಕೆಲಸ ಮಾಡುತ್ತಿರಲಿಲ್ಲ. ಬಫಲೊದಲ್ಲಿ ಆ ರಾತ್ರಿ ನಡುಗಿದ್ದು ಅಂಥದ್ದೇ ಸಾಧನ. ಮರು ವರ್ಷ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲಿ ಮುಖ್ಯ ಕಚೇರಿಯಿದ್ದ ಏರ್‌ಏಷ್ಯಾ ಇಂಡಿಯಾಗೆ 20 ಲಕ್ಷ ರೂಪಾಯಿ ದಂಡ ಬಿತ್ತು. ಪೈಲಟ್‌ಗಳ ಪ್ರಾವೀಣ್ಯ ಪರೀಕ್ಷೆಯಲ್ಲಿ ಮಾಡಿಸಲೇಬೇಕಾದ ಕೆಲವು ಅಭ್ಯಾಸಗಳನ್ನು ಮಾಡಿಸದೆ ಬಿಟ್ಟಿದ್ದರು. ಸಂಸ್ಥೆಯ ಎಂಟು ಮಂದಿ ಪರೀಕ್ಷಕರಿಗೆ ತಲಾ 3 ಲಕ್ಷ ರೂಪಾಯಿ ದಂಡ ವಿಧಿಸಿ, ತರಬೇತಿ ಮುಖ್ಯಸ್ಥರನ್ನು ಮೂರು ತಿಂಗಳು ಹುದ್ದೆಯಿಂದ ದೂರವಿಡಲು ಆದೇಶವಾಯಿತು.

ಇಲ್ಲಿ ಅನ್ಯಾಯ ಯಾರಿಗೆ ಆಯಿತು ನೋಡಿ. ಪ್ರಯಾಣಿಕರಿಗಂತೂ ಆಯಿತು. ಅರ್ಧಂಬರ್ಧ ಪರೀಕ್ಷೆಯಲ್ಲಿ ಪಾಸಾದ ಪೈಲಟ್‌ಗಳಿಗೂ ಆಯಿತು: ತಮಗೆ ಬರುತ್ತದೆಯೋ ಇಲ್ಲವೋ ತಿಳಿಯದ ಒಂದು ಕೌಶಲವನ್ನು ಬರುತ್ತದೆ ಎಂಬ ಸಹಿಯೊಂದಿಗೆ ಹೊತ್ತುಕೊಂಡು ಅವರು ಆಕಾಶಕ್ಕೆ ಏರಿದರು. ಕಠಿಣ ಪರೀಕ್ಷಕನ ಮೇಲೆ ದೂರು ಕೊಡುವವರು ಇದ್ದಾರೆ. ಸಡಿಲ ಪರೀಕ್ಷಕನ ಮೇಲೆ ದೂರು ಕೊಟ್ಟ ಪೈಲಟ್‌ನನ್ನು ನಾನು ಇನ್ನೂ ಕಂಡಿಲ್ಲ.

ಬಡ್ತಿಯ ವಿಷಯದಲ್ಲಿ ನಿಮ್ಮ ಬ್ಯಾಂಕಿನ ಪದ್ಧತಿಯನ್ನು ನಾನು ತಳ್ಳಿಹಾಕುವುದಿಲ್ಲ. ಅಮೆರಿಕದ ದೊಡ್ಡ ವಿಮಾನಯಾನ ಸಂಸ್ಥೆಗಳಲ್ಲಿ ಪೈಲಟ್ ಸೇರಿದ ದಿನದಿಂದ ಸಿಗುವ ಹಿರಿತನದ ಸಂಖ್ಯೆಯೇ ಎಲ್ಲವನ್ನೂ ನಿರ್ಧರಿಸುತ್ತದೆ. ಯಾವ ವಿಮಾನ, ಯಾವ ಊರು, ಯಾವ ರಜೆ, ಕ್ಯಾಪ್ಟನ್ ಆಗುವ ಅವಕಾಶ ಯಾವಾಗ, ಎಲ್ಲವೂ. ಸೋಮಾರಿಗಳಿಗೆ ಅನುಕೂಲವಾದ ಪದ್ಧತಿ ಎಂದು ಇದನ್ನು ಹಂಗಿಸುವವರುಂಟು. ಆದರೆ ಇದರಲ್ಲಿ ಒಂದು ದೊಡ್ಡ ರಕ್ಷಣೆ ಇದೆ. ‘ಈ ಹವೆಯಲ್ಲಿ ಹಾರುವುದಿಲ್ಲ’, ‘ಈ ದೋಷ ಸರಿಪಡಿಸದೆ ವಿಮಾನ ತೆಗೆಯುವುದಿಲ್ಲ’ ಎಂದು ಹೇಳಿದ ಪೈಲಟ್‌ನ ಬಡ್ತಿಯನ್ನು ಸಿಟ್ಟಾದ ಮೇಲಧಿಕಾರಿ ತಡೆಯಲಾರ. ಬಡ್ತಿ ಪೂರ್ತಿಯಾಗಿ ಮೇಲಿನವರ ಮೆಚ್ಚುಗೆಯ ಮೇಲೆ ನಿಂತ ಕಡೆ ಅಂಥ ಮಾತು ಗಂಟಲಲ್ಲೇ ಉಳಿದುಬಿಡಬಹುದು. ಆದರೆ ಗಮನಿಸಿ, ಹಿರಿತನ ಕೊಡುವುದು ಸರದಿಯನ್ನಷ್ಟೇ. ಸರದಿ ಬಂದ ಮೇಲೆ ಕಮಾಂಡ್ ತರಬೇತಿ ಮುಗಿಸಿ ಚೆಕ್ ಪಾಸಾಗಲೇಬೇಕು. ಅಲ್ಲಿ ಹಿರಿತನಕ್ಕೆ ಒಂದು ಅಂಕವೂ ಇಲ್ಲ, ಇರಲೂ ಕೂಡದು. ಬ್ಯಾಂಕಿನಲ್ಲಿ ಸಂದರ್ಶನದಲ್ಲಿ ಕಡಿಮೆ ಬಂದದ್ದನ್ನು ಸೇವಾವಧಿಯ ಅಂಕ ತುಂಬಿಕೊಡುತ್ತದೆ. ಗಾಳಿ ಅಡ್ಡ ಬೀಸುವಾಗ ಇಳಿಸಲು ಬಾರದಿದ್ದರೆ ಅದನ್ನು ತುಂಬಿಕೊಡುವ ಬೇರೆ ಅಂಕವಿಲ್ಲ.

ಎಡಗಡೆಯ ಆಸನದಲ್ಲಿ, ಅಂದರೆ ಕ್ಯಾಪ್ಟನ್‌ನ ಜಾಗದಲ್ಲಿ, ಕೂರುವವರಿಗೆ ಬೇಕಾದದ್ದು ಕೈಚಳಕ ಮಾತ್ರವಲ್ಲ ಎಂಬುದನ್ನು ನಾವು ಕನ್ನಡಿಗರು ಕಂಡೇ ಬಲ್ಲೆವು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು, ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು. ಕ್ಯಾಪ್ಟನ್‌ಗೆ ಹತ್ತು ಸಾವಿರಕ್ಕೂ ಹೆಚ್ಚು ಗಂಟೆಗಳ ಅನುಭವವಿತ್ತು. ಪ್ರಯಾಣದ ಬಹುಭಾಗ ಅವರು ನಿದ್ದೆ ಹೋಗಿದ್ದರು. ಕಾಕ್‌ಪಿಟ್ ಧ್ವನಿಮುದ್ರಣದಲ್ಲಿ ಗೊರಕೆ ದಾಖಲಾಗಿತ್ತು. ವಿಮಾನ ಬೇಕಾದುದಕ್ಕಿಂತ ಬಹಳ ಎತ್ತರದಲ್ಲಿ ಬರುತ್ತಿದ್ದಾಗ ಸಹ ಪೈಲಟ್ ಮೂರು ಬಾರಿ ‘ಗೋ ಅರೌಂಡ್’ ಎಂದು ಹೇಳಿದರು. ಕ್ಯಾಪ್ಟನ್ ಇಳಿಸಿದರು. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,000 ಅಡಿ ದಾಟಿದ ಮೇಲೆ ಚಕ್ರಗಳು ನೆಲ ಮುಟ್ಟಿದವು. ಹತ್ತು ವರ್ಷಗಳ ನಂತರ, 2020ರ ಆಗಸ್ಟ್ 7ರಂದು ಕೋಯಿಕ್ಕೋಡ್‌ನಲ್ಲಿ ಅದೇ ಸಂಸ್ಥೆಯ ವಿಮಾನ ಮಳೆಯಲ್ಲಿ ರನ್‌ವೇ ದಾಟಿ ಬಿದ್ದು ಇಬ್ಬರೂ ಪೈಲಟ್‌ಗಳು ಸೇರಿ 21 ಮಂದಿ ಸತ್ತರು. ಅಲ್ಲೂ ಸಹ ಪೈಲಟ್ ಗೋ ಅರೌಂಡ್ ಎಂದಿದ್ದರು. ಕ್ಯಾಪ್ಟನ್ ಆ ಮಾತಿಗೆ ಕಿವಿಗೊಡದೆ ಇಳಿಸಿದ್ದನ್ನೂ, ಸಹ ಪೈಲಟ್ ಹಿಡಿತವನ್ನು ತನ್ನ ಕೈಗೆ ತೆಗೆದುಕೊಳ್ಳದೆ ಹೋದದ್ದನ್ನೂ ತನಿಖಾ ವರದಿ ಕಾರಣಗಳಾಗಿ ಬರೆದಿದೆ.

ಆ ಎರಡನೆಯ ಕಾರಣದ ಮುಂದೆ ಸ್ವಲ್ಪ ನಿಲ್ಲಿ. ಕ್ಯಾಪ್ಟನ್ ಕೈಯಿಂದ ವಿಮಾನವನ್ನು ಕಸಿದುಕೊಳ್ಳುವ ಧೈರ್ಯ ಸಹ ಪೈಲಟ್‌ಗೆ ಇರಬೇಕು ಎಂದು ವರದಿ ಬಯಸುತ್ತದೆ. ಆದರೆ ಅಂಥ ಒಬ್ಬ ಸಹ ಪೈಲಟ್‌ನ ಕಮಾಂಡ್ ಚೆಕ್ ನಾಳೆ ಇದೆ ಎಂದುಕೊಳ್ಳಿ, ಅದನ್ನು ನಡೆಸುವವರು ಅದೇ ಸಂಸ್ಥೆಯ ಹಿರಿಯ ಕ್ಯಾಪ್ಟನ್‌ಗಳೇ, ಅವರು ದಿನಾಲೂ ಒಟ್ಟಿಗೆ ಚಹಾ ಕುಡಿಯುವವರು. ಎದುರು ಮಾತಾಡಿದವನು ಎಂಬ ಹೆಸರು ಅಂಟಿದರೆ ಪರೀಕ್ಷೆಯಲ್ಲಿ ಏನಾಗುತ್ತದೋ ಎಂಬ ಭಯ ಅವನಿಗಿದ್ದರೆ ಅದನ್ನು ಹೇಡಿತನ ಎನ್ನಲಾರೆ. ಚೆಕ್ ನ್ಯಾಯವಾಗಿರುತ್ತದೆ ಎಂಬ ನಂಬಿಕೆ ಇದ್ದರೆ ಮಾತ್ರ ‘ಗೋ ಅರೌಂಡ್’ ಎಂಬ ಕೂಗು ಮೊದಲ ಸಲಕ್ಕೇ ಗಟ್ಟಿಯಾಗಿ ಹೊರಡುತ್ತದೆ.

ನಿಮ್ಮ ಸೊಸೆ ಕೇಳಿಸಿಕೊಂಡ ಆ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳದಿರುವುದು ಇದಕ್ಕೇ. ಪರೀಕ್ಷಕ ತಮಾಷೆಗೆ ಹೇಳಿದ್ದರೂ ಅದು ತಮಾಷೆಯಲ್ಲ. ಈ ವೃತ್ತಿಯಲ್ಲಿ ಪಕ್ಷಪಾತಕ್ಕೆ ದೀರ್ಘ ಚರಿತ್ರೆ ಇದೆ. ಮಾರ್ಲನ್ ಗ್ರೀನ್ ಎಂಬ ಕಪ್ಪು ವರ್ಣೀಯ ಪೈಲಟ್ ಅಮೆರಿಕದ ವಾಯುಪಡೆಯಲ್ಲಿ ಹಾರಿ, 1957ರಲ್ಲಿ ಕಾಂಟಿನೆಂಟಲ್ ಸಂಸ್ಥೆಗೆ ಅರ್ಜಿ ಹಾಕಿದರು. ಅವರಿಗಿಂತ ಕಡಿಮೆ ಗಂಟೆ ಹಾರಿದ್ದ ಬಿಳಿಯರಿಗೆ ಕೆಲಸ ಸಿಕ್ಕಿತು. ಗ್ರೀನ್ ಸುಪ್ರೀಂ ಕೋರ್ಟಿನವರೆಗೆ ಹೋಗಿ 1963ರಲ್ಲಿ ಗೆದ್ದರು, 1965ರಲ್ಲಿ ಕೆಲಸಕ್ಕೆ ಸೇರಿದರು, 1978ರವರೆಗೆ ಹಾರಿದರು. ಅವರನ್ನು ಹೊರಗಿಟ್ಟ ಅಷ್ಟು ವರ್ಷಗಳಲ್ಲಿ ಯಾವ ಪ್ರಯಾಣಿಕನ ಜೀವವೂ ಅದರಿಂದ ಹೆಚ್ಚು ಭದ್ರವಾಗಲಿಲ್ಲ. ನಮ್ಮಲ್ಲಿ ದುರ್ಬಾ ಬ್ಯಾನರ್ಜಿ ಇಂಡಿಯನ್ ಏರ್‌ಲೈನ್ಸ್‌ನ ಮೊದಲ ಮಹಿಳಾ ಪೈಲಟ್ ಆದದ್ದು ಅರ್ಧ ಶತಮಾನಕ್ಕೂ ಹಿಂದೆ. ಮಹಿಳಾ ಪೈಲಟ್‌ಗಳ ಪ್ರಮಾಣದಲ್ಲಿ ಇಂದು ಭಾರತ ಜಗತ್ತಿನಲ್ಲೇ ಮುಂಚೂಣಿಯಲ್ಲಿದೆ. ಆದರೂ ಆ ನಗೆ ಸಾಯಲಿಲ್ಲ ಎಂದರೆ ಬೇಸರವಾಗುತ್ತದೆ.

ಹಾಗೆಂದು ಆ ನಗೆಯಿಂದಲೇ ನಿಮ್ಮ ಸೊಸೆ ಫೇಲಾದರು ಎಂದು ಹೇಳುವುದು ದುಡುಕು. ಪರೀಕ್ಷಕನ ಬಾಯಿ ಕೆಟ್ಟದಾಗಿದ್ದು ಅವನ ತೀರ್ಪು ಸರಿಯಾಗಿರಲೂ ಸಾಧ್ಯ. ಎರಡನ್ನೂ ಬೇರೆ ಬೇರೆಯಾಗಿ ನೋಡುವ ದಾರಿ ಈಗ ಇದೆ. 2013ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಪುರಾವೆ ಆಧಾರಿತ ತರಬೇತಿಯ ಕೈಪಿಡಿಯೊಂದನ್ನು ಹೊರತಂದಿತು. ಕೈಯಿಂದ ಹಾರಿಸುವುದು, ಆಟೋಪೈಲಟ್ ನಿಭಾಯಿಸುವುದು, ಸಂವಹನ, ನಾಯಕತ್ವ, ನಿರ್ಧಾರ, ಸುತ್ತಲಿನ ಅರಿವು, ಕೆಲಸದ ಹೊರೆ ಹಂಚುವುದು ಹೀಗೆ ಸಾಮರ್ಥ್ಯಗಳನ್ನು ಬಿಡಿಸಿ, ಒಂದೊಂದಕ್ಕೂ ಕಣ್ಣಿಗೆ ಕಾಣುವ ವರ್ತನೆಗಳನ್ನು ಅದು ಪಟ್ಟಿ ಮಾಡಿದೆ. ‘ಕಮಾಂಡ್‌ಗೆ ಇನ್ನೂ ಪಕ್ವವಾಗಿಲ್ಲ’ ಎಂದು ಬರೆದರೆ ಅದಕ್ಕೆ ಉತ್ತರವಿಲ್ಲ. ‘ಎಂಜಿನ್ ಬೆಂಕಿಯ ಎಚ್ಚರಿಕೆ ಬಂದಾಗ ಇಬ್ಬರೂ ಚೆಕ್‌ಲಿಸ್ಟ್ ಓದುತ್ತಿದ್ದರು, ವಿಮಾನವನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ’ ಎಂದು ಬರೆದರೆ ಅದನ್ನು ಒಪ್ಪಬಹುದು, ಪ್ರಶ್ನಿಸಬಹುದು, ತಿದ್ದಿಕೊಳ್ಳಬಹುದು. ಈ ಕ್ರಮವನ್ನು ಗಂಭೀರವಾಗಿ ನಡೆಸುವ ಸಂಸ್ಥೆಗಳು ಒಂದೇ ವಿಡಿಯೊವನ್ನು ಹಲವು ಪರೀಕ್ಷಕರಿಗೆ ತೋರಿಸಿ ಅವರವರ ಅಂಕ ಹೋಲಿಸುತ್ತವೆ. ಅಂತರ ದೊಡ್ಡದಾದರೆ ತರಬೇತಿ ಬೇಕಾದದ್ದು ಪರೀಕ್ಷಕನಿಗೆ. ಇದರ ಜೊತೆಗೆ, ಕಲಿಸಿದವರೇ ಕೊನೆಯ ಚೆಕ್ ನಡೆಸಬಾರದು, ಒಮ್ಮೆ ಫೇಲಾದ ಮೇಲೆ ಮರುಪರೀಕ್ಷೆಗೆ ಬೇರೆ ಪರೀಕ್ಷಕ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ನಿಮ್ಮ ಸೊಸೆ ಮಾಡಬೇಕಾದದ್ದು. ಚೆಕ್‌ನ ಲಿಖಿತ ವರದಿಯ ಪ್ರತಿಯನ್ನು ಕೇಳಿ ಪಡೆಯಲಿ. ಯಾವ ಅಭ್ಯಾಸದಲ್ಲಿ, ಯಾವ ಘಟ್ಟದಲ್ಲಿ, ಏನು ತಪ್ಪಿತು ಎಂಬುದು ಅದರಲ್ಲಿ ಇಲ್ಲದಿದ್ದರೆ, ಬರೆದುಕೊಡಿ ಎಂದು ತರಬೇತಿ ವಿಭಾಗಕ್ಕೆ ಪತ್ರದ ಮೂಲಕವೇ ಕೇಳಲಿ. ಪರೀಕ್ಷಕರ ಆ ಮಾತಿನ ಬಗ್ಗೆ ಪ್ರತ್ಯೇಕ ದೂರು ಕೊಡಲಿ. ದಿನಾಂಕ, ಜಾಗ, ಜೊತೆಗಿದ್ದವರು ಯಾರು ಎಂಬ ವಿವರ ಇರಲಿ. ಅದನ್ನು ಫಲಿತಾಂಶದ ಮೇಲಿನ ಮನವಿಯ ಜೊತೆ ಬೆರೆಸುವುದು ಬೇಡ, ಬೆರೆಸಿದರೆ ಎರಡೂ ದುರ್ಬಲವಾಗುತ್ತವೆ. ವರದಿಯಲ್ಲಿ ಹೇಳಿದ ಲೋಪ ನಿಜವೆಂದು ಅವರಿಗೇ ಅನಿಸಿದರೆ ಸಿಟ್ಟನ್ನು ಬದಿಗಿಟ್ಟು ಅದೊಂದನ್ನೇ ಹಿಡಿದು ಅಭ್ಯಾಸ ಮಾಡಲಿ, ಮರುಪರೀಕ್ಷೆಗೆ ಬೇರೆ ಪರೀಕ್ಷಕರನ್ನು ಕೋರಲಿ. ಬೇರೆ ಸಂಸ್ಥೆಗೆ ಅರ್ಜಿ ಹಾಕುವ ದಿನ ಬಂದರೆ ಫೇಲಾದ ದಿನಾಂಕ, ಆಮೇಲೆ ಪಡೆದ ತರಬೇತಿ, ಮರುಪರೀಕ್ಷೆಯ ಫಲಿತಾಂಶ, ಮೂರನ್ನೂ ಅರ್ಜಿಯಲ್ಲೇ ಬರೆದು ವರದಿಯ ಪ್ರತಿಯನ್ನು ಲಗತ್ತಿಸಲಿ.